ಮನೆಯಲ್ಲಿ ಎಂಟನೆಯ ಸ್ಥಾನ, ಯುರೋಪಿನಲ್ಲಿ ಎರಡನೆಯದು: ನಾರ್ಥಾಂಪ್ಟನ್ ಋತುವಿನ ಒಗಟು

2025ರ ಮೇ 24ರಂದು ಕಾರ್ಡಿಫ್‌ನ ಪ್ರಿನ್ಸಿಪಾಲಿಟಿ ಕ್ರೀಡಾಂಗಣದಲ್ಲಿ ನಡೆದ ಯುರೋಪಿನ ಚಾಂಪಿಯನ್ಸ್ ಕಪ್ ರಗ್ಬಿ ಫೈನಲ್‌ನಲ್ಲಿ ಫ್ರಾನ್ಸಿನ ಬೋರ್ಡೊ-ಬೆಗ್ಲ ತಂಡ ಇಂಗ್ಲೆಂಡಿನ ನಾರ್ಥಾಂಪ್ಟನ್ ಸೇಂಟ್ಸ್ ತಂಡವನ್ನು 28–20ರಿಂದ ಸೋಲಿಸಿತು. ಸುದ್ದಿ ಇಷ್ಟೇ ಆಗಿದ್ದರೆ ಗೊಂದಲಕ್ಕೆ ಎಡೆಯಿರಲಿಲ್ಲ. ಆದರೆ ಕೆಲವೇ ದಿನಗಳಲ್ಲಿ ಮುಗಿದ ಇಂಗ್ಲೆಂಡಿನ ಪ್ರೀಮಿಯರ್‌ಶಿಪ್ ಲೀಗ್‌ನ ಅಂಕಪಟ್ಟಿ ತೆರೆದವರಿಗೆ ಇದೇ ನಾರ್ಥಾಂಪ್ಟನ್ ಕಂಡದ್ದು ಹತ್ತು ತಂಡಗಳಲ್ಲಿ ಎಂಟನೆಯದಾಗಿ. ಇಡೀ ಖಂಡದಲ್ಲಿ ಎರಡನೆಯದೆನಿಸಿಕೊಂಡ ತಂಡಕ್ಕಿಂತ ಮೇಲೆ ಅದರ ಸ್ವಂತ ದೇಶದಲ್ಲೇ ಏಳು ತಂಡಗಳಿದ್ದವು.

ಗೊಂದಲ ಇಲ್ಲಿಗೇ ನಿಲ್ಲುವುದಿಲ್ಲ. ಇಂಗ್ಲೆಂಡಿನ ಲೀಗ್‌ನಲ್ಲಿ ಅಗ್ರಸ್ಥಾನ ಪಡೆದು, ಜೂನ್ 14ರಂದು ಲೆಸ್ಟರ್ ತಂಡವನ್ನು 23–21ರಿಂದ ಮಣಿಸಿ 1996ರ ನಂತರ ಮೊದಲ ಬಾರಿಗೆ ಪ್ರಶಸ್ತಿ ಎತ್ತಿದ ಬಾತ್ ತಂಡವು ಇದೇ ಚಾಂಪಿಯನ್ಸ್ ಕಪ್‌ನ ಗುಂಪು ಹಂತವನ್ನೂ ದಾಟಿರಲಿಲ್ಲ. ಮತ್ತೊಂದು ಕಡೆ, ಐರ್ಲೆಂಡಿನ ಲೆನ್‌ಸ್ಟರ್ ತಂಡವು ಪ್ರೀಮಿಯರ್‌ಶಿಪ್‌ನಲ್ಲಿ ಏಳನೆಯ ಸ್ಥಾನ ಪಡೆದ ಹಾರ್ಲೆಕ್ವಿನ್ಸ್ ತಂಡವನ್ನು ಏಪ್ರಿಲ್‌ನಲ್ಲಿ 62–0ರಿಂದ ಹೊಸಕಿ ಹಾಕಿ, ಒಂದೇ ತಿಂಗಳಲ್ಲಿ ಎಂಟನೆಯ ಸ್ಥಾನದ ನಾರ್ಥಾಂಪ್ಟನ್‌ಗೆ ತನ್ನದೇ ಊರಿನಲ್ಲಿ 34–37ರಿಂದ ಶರಣಾಯಿತು. ಈ ಫಲಿತಾಂಶಗಳನ್ನು ಸಾಲಾಗಿ ಇಟ್ಟು ನೋಡಿದರೆ ಎರಡರಲ್ಲಿ ಒಂದು ಪಟ್ಟಿ ಸುಳ್ಳು ಹೇಳುತ್ತಿದೆ ಎನ್ನಿಸುವುದು ಸಹಜ. ಎರಡೂ ಸುಳ್ಳು ಹೇಳುತ್ತಿಲ್ಲ. ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಕೊಟ್ಟ ಎರಡು ಉತ್ತರಗಳನ್ನು ನಾವು ಒಂದೇ ಪ್ರಶ್ನೆಯ ಉತ್ತರವೆಂದು ಓದುತ್ತಿದ್ದೇವೆ.

ಒಂದೇ ತಂಡ, ಎರಡು ಪಂದ್ಯಾವಳಿ

ಐಪಿಎಲ್ ನೋಡಿ ಅಭ್ಯಾಸವಾದವರಿಗೆ ಯುರೋಪಿನ ಕ್ಲಬ್ ರಗ್ಬಿಯ ವ್ಯವಸ್ಥೆ ಮೊದಲಿಗೆ ಗೋಜಲಾಗಿ ತೋರುತ್ತದೆ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ ಒಂದೇ ಪಂದ್ಯಾವಳಿ. ಎರಡು ತಿಂಗಳಲ್ಲಿ ಎಲ್ಲವೂ ಮುಗಿಯುತ್ತದೆ. ಯುರೋಪಿನ ರಗ್ಬಿ ಕ್ಲಬ್ ಒಂದು ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ತನ್ನ ದೇಶದ ಲೀಗ್ ಆಡುತ್ತಲೇ, ನಡುನಡುವೆ ಬಿಡುವು ಮಾಡಿಕೊಟ್ಟ ವಾರಗಳಲ್ಲಿ ಖಂಡಮಟ್ಟದ ಪಂದ್ಯಾವಳಿಯನ್ನೂ ಆಡುತ್ತದೆ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದನ್ನು ಕಂಡವರು ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ಅದು ಏಳು ಜನರ ಚುಟುಕು ಆಟ. ಇಲ್ಲಿ ಹೇಳುತ್ತಿರುವುದು 80 ನಿಮಿಷಗಳ, 15 ಜನರ ರಗ್ಬಿ ಯೂನಿಯನ್.

ಇಂಗ್ಲೆಂಡಿನ ಪ್ರೀಮಿಯರ್‌ಶಿಪ್‌ನಲ್ಲಿ ಈಗ 10 ತಂಡಗಳಿವೆ. ಪ್ರತಿ ತಂಡವೂ ಉಳಿದ ಒಂಬತ್ತರೊಂದಿಗೆ ತನ್ನ ಮೈದಾನದಲ್ಲಿ ಒಮ್ಮೆ, ಎದುರಾಳಿಯ ಮೈದಾನದಲ್ಲಿ ಒಮ್ಮೆ ಆಡುವುದರಿಂದ ಒಟ್ಟು 18 ಸುತ್ತು. ಗೆಲುವಿಗೆ 4 ಅಂಕ, ಡ್ರಾಗೆ 2. ನಾಲ್ಕು ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಗಳಿಸಿದರೆ ಒಂದು ಬೋನಸ್ ಅಂಕ, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತರೂ ಒಂದು. ಮೊದಲ ನಾಲ್ಕು ಸ್ಥಾನ ಪಡೆದವರಿಗೆ ಸೆಮಿಫೈನಲ್.

ಚಾಂಪಿಯನ್ಸ್ ಕಪ್‌ನ ಲೆಕ್ಕ ಬೇರೆ. ಇಂಗ್ಲೆಂಡ್, ಫ್ರಾನ್ಸ್ ಹಾಗೂ ಐರ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಇಟಲಿ, ದಕ್ಷಿಣ ಆಫ್ರಿಕಾಗಳು ಸೇರಿ ನಡೆಸುವ ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್, ಈ ಮೂರು ಲೀಗ್‌ಗಳಿಂದ ತಲಾ ಎಂಟರಂತೆ 24 ತಂಡಗಳು ಬರುತ್ತವೆ. ಆರಾರು ತಂಡಗಳ ನಾಲ್ಕು ಗುಂಪುಗಳಾಗಿ, ಡಿಸೆಂಬರ್‌ನಲ್ಲಿ ಎರಡು ಮತ್ತು ಜನವರಿಯಲ್ಲಿ ಎರಡು, ಒಟ್ಟು ನಾಲ್ಕೇ ಪಂದ್ಯಗಳನ್ನು ಆಡುತ್ತವೆ. ಪ್ರತಿ ಗುಂಪಿನ ಮೊದಲ ನಾಲ್ಕು ತಂಡಗಳು ಏಪ್ರಿಲ್‌ನ ನಾಕೌಟ್ ಹಂತಕ್ಕೆ ಹೋಗುತ್ತವೆ, ಐದನೆಯದು ಎರಡನೇ ದರ್ಜೆಯ ಚಾಲೆಂಜ್ ಕಪ್‌ಗೆ ಇಳಿಯುತ್ತದೆ, ಕೊನೆಯದು ಮನೆಗೆ. ಅಂದರೆ 48 ಪಂದ್ಯಗಳನ್ನು ಆಡಿಸಿ ಹೊರಗೆ ಹಾಕುವುದು ಎಂಟೇ ತಂಡಗಳನ್ನು. ಇಷ್ಟು ಧಾರಾಳವಾದ ಜರಡಿಯಲ್ಲಿ ಹೊಟ್ಟು ಕೂಡ ಉಳಿದುಬಿಡುತ್ತದೆ ಎಂಬುದು ಈ ವ್ಯವಸ್ಥೆಯ ಮೇಲಿನ ಹಳೆಯ ದೂರು, ಮತ್ತು ಅದರಲ್ಲಿ ಹುರುಳಿಲ್ಲದೆ ಇಲ್ಲ.

ಈ ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರೆ ಒಗಟಿನ ಅರ್ಧ ಬಿಡಿಸಿದಂತಾಗುತ್ತದೆ. ಯುರೋಪಿನ ಫೈನಲ್ ತಲುಪಲು ನಾರ್ಥಾಂಪ್ಟನ್‌ಗೆ ಬೇಕಾದದ್ದು ಐದು ತಿಂಗಳುಗಳಲ್ಲಿ ಹರಡಿಕೊಂಡ ಏಳು ಪಂದ್ಯಗಳು. ಲೀಗ್‌ನಲ್ಲಿ ಮೊದಲ ನಾಲ್ಕರೊಳಗೆ ಬರಲು ಬೇಕಾದದ್ದು 18 ವಾರಾಂತ್ಯಗಳ ಪಟ್ಟುಬಿಡದ ದುಡಿಮೆ. ಆ ಏಳು ಪಂದ್ಯಗಳ ದಿನ ನಿಮ್ಮ ಅತ್ಯುತ್ತಮ ಹದಿನೈದು ಜನ ಎಷ್ಟು ಎತ್ತರಕ್ಕೆ ಏರಬಲ್ಲರು ಎಂದು ಒಂದು ಪಂದ್ಯಾವಳಿ ಕೇಳಿದರೆ, ಆ ಹದಿನೈದು ಜನರಲ್ಲಿ ಐವರು ಗಾಯಗೊಂಡು ಮೂವರು ವಿಶ್ರಾಂತಿಯಲ್ಲಿದ್ದಾಗ ನೀವು ಎಷ್ಟು ಕೆಳಕ್ಕೆ ಬೀಳುತ್ತೀರಿ ಎಂದು ಇನ್ನೊಂದು ಕೇಳುತ್ತದೆ.

ಚಾಂಪಿಯನ್ ಹೇಗೆ ಎಂಟಕ್ಕೆ ಇಳಿಯಿತು

ನಾರ್ಥಾಂಪ್ಟನ್ ಬೂಟು, ಚಪ್ಪಲಿ ತಯಾರಿಕೆಗೆ ಹೆಸರಾದ ಊರು. 1880ರಲ್ಲಿ ಹುಟ್ಟಿದ ಈ ಕ್ಲಬ್‌ನ ಮೈದಾನ ಫ್ರಾಂಕ್ಲಿನ್ಸ್ ಗಾರ್ಡನ್ಸ್‌ನಲ್ಲಿ ಹಿಡಿಯುವುದು ಸುಮಾರು 15,000 ಜನ. 2000ರಲ್ಲಿ ಐರ್ಲೆಂಡಿನ ಮನ್‌ಸ್ಟರ್ ತಂಡವನ್ನು 9–8ರಿಂದ ಸೋಲಿಸಿ ಯುರೋಪಿನ ಕಪ್ ಗೆದ್ದದ್ದು ಖಂಡದ ಮೊದಲ ದರ್ಜೆಯ ಪಂದ್ಯಾವಳಿಯಲ್ಲಿ ಅದರ ಏಕೈಕ ಕಿರೀಟ. 2011ರ ಫೈನಲ್‌ನಲ್ಲಿ ಇದೇ ಲೆನ್‌ಸ್ಟರ್ ವಿರುದ್ಧ ಮಧ್ಯಂತರಕ್ಕೆ 22–6ರ ಮುನ್ನಡೆಯಲ್ಲಿದ್ದೂ 22–33ರಿಂದ ಸೋತ ನೋವು ಇನ್ನೂ ಮಾಸಿಲ್ಲ.

2024ರ ಜೂನ್‌ನಲ್ಲಿ ಬಾತ್ ತಂಡವನ್ನು 25–21ರಿಂದ ಸೋಲಿಸಿ ನಾರ್ಥಾಂಪ್ಟನ್ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಗೆದ್ದ ಬೆನ್ನಿಗೇ ತಂಡದ ಬೆನ್ನೆಲುಬು ಕಳಚಿತು. ಇಂಗ್ಲೆಂಡಿಗೆ ನೂರಕ್ಕೂ ಹೆಚ್ಚು ಟೆಸ್ಟ್ (ಅಂತರರಾಷ್ಟ್ರೀಯ ಪಂದ್ಯ) ಆಡಿದ್ದ ಕೋರ್ಟ್ನಿ ಲಾಸ್ ಫ್ರಾನ್ಸಿನ ಎರಡನೇ ದರ್ಜೆಯ ಬ್ರೀವ್ ಕ್ಲಬ್‌ಗೆ ಹೋದರು; ನಾಯಕ ಲೂಯಿಸ್ ಲಡ್‌ಲಮ್ ಟುಲೋನ್‌ಗೆ, ಅಲೆಕ್ಸ್ ಮೂನ್ ಬಯೋನ್‌ಗೆ. ಎರಡೂ ಕಡೆಯ ಎಂಟೆಂಟು ಮಂದಿ ತೋಳು ಹೆಣೆದು ಎದುರುಬದುರು ತಳ್ಳುವ ಸ್ಕ್ರಮ್‌ನ ಮುಂಚೂಣಿಯಲ್ಲಿ ವರ್ಷಗಟ್ಟಲೆ ನಿಂತಿದ್ದ ಅಲೆಕ್ಸ್ ವಾಲರ್ ನಿವೃತ್ತರಾದರು. ಈ ನಾಲ್ವರೂ ಫಾರ್ವರ್ಡ್‌ಗಳು, ಅಂದರೆ ಸ್ಕ್ರಮ್‌ನಲ್ಲಿ ತಳ್ಳುವವರು, ಎಂಬುದನ್ನು ಗಮನಿಸಬೇಕು. ಚೆಂಡನ್ನು ಹಿಂಬದಿಯ ವೇಗದ ಓಟಗಾರರಿಗೆ ಒದಗಿಸುವವರು, ಕೆಸರಿನಲ್ಲಿ, ಮಳೆಯಲ್ಲಿ, ಚೆಲುವಿಲ್ಲದ ಚಳಿಗಾಲದ ಪಂದ್ಯಗಳನ್ನು ಹೆಗಲ ಬಲದಿಂದ ಎಳೆದು ಗೆಲ್ಲಿಸುವವರು ಅವರೇ. ಲೀಗ್ ಪಟ್ಟಿಯಲ್ಲಿ ಅಂಕ ಕೂಡುವುದು ಬಹುಪಾಲು ಅಂಥ ಪಂದ್ಯಗಳಿಂದ.

ಇವರನ್ನು ಉಳಿಸಿಕೊಳ್ಳಬಾರದಿತ್ತೆ ಎಂದು ಕೇಳಬಹುದು. ಇಲ್ಲಿ ಸಂಬಳ ಮಿತಿಯ ಮಾತು ಬರುತ್ತದೆ. ಕೋವಿಡ್ ನಂತರ 50 ಲಕ್ಷ ಪೌಂಡ್‌ಗೆ ಇಳಿಸಿದ್ದ ಇಂಗ್ಲೆಂಡಿನ ಕ್ಲಬ್‌ಗಳ ವಾರ್ಷಿಕ ಸಂಬಳ ಮಿತಿಯನ್ನು 2024–25ರಲ್ಲಿ 64 ಲಕ್ಷ ಪೌಂಡ್‌ಗೆ ಏರಿಸಲಾಯಿತು. ಒಬ್ಬ ಆಟಗಾರನ ಸಂಬಳವನ್ನು ಮಾತ್ರ ಈ ಲೆಕ್ಕದಿಂದ ಹೊರಗಿಡಬಹುದು. ಫ್ರಾನ್ಸಿನ ಟಾಪ್ 14 ಲೀಗ್‌ನ ಮಿತಿ 107 ಲಕ್ಷ ಯೂರೊ, ಮೇಲೆ ಒಂದಷ್ಟು ವಿನಾಯಿತಿ. ಚಾಂಪಿಯನ್ ಆದ ತಂಡದ ಪ್ರತಿ ಆಟಗಾರನ ಬೆಲೆಯೂ ಏರುತ್ತದೆ, ಆದರೆ ಗೆದ್ದ ತಂಡಕ್ಕೆಂದು ಮಿತಿ ಏರುವುದಿಲ್ಲ. ಹಾಗಾಗಿ ಗೆಲುವೇ ತಂಡವನ್ನು ಒಡೆಯುವ ಕಾರಣವಾಗುತ್ತದೆ. ಹಿರಿಯರನ್ನು ಬಿಟ್ಟುಕೊಟ್ಟು ಕಿರಿಯರನ್ನು ಉಳಿಸಿಕೊಳ್ಳುವುದು ಇಂಥ ಸಂದರ್ಭದಲ್ಲಿ ಯಾವ ಕ್ಲಬ್ ಆದರೂ ಮಾಡುವ ಆಯ್ಕೆ. ವಿದೇಶದಲ್ಲಿ ಆಡುವವರನ್ನು ಇಂಗ್ಲೆಂಡ್ ರಾಷ್ಟ್ರೀಯ ತಂಡಕ್ಕೆ ಆರಿಸುವುದಿಲ್ಲ ಎಂಬ ನಿಯಮ ಈ ಆಯ್ಕೆಗೆ ಒತ್ತಾಸೆಯಾಗುತ್ತದೆ: ಟೆಸ್ಟ್ ಟೋಪಿಯ ಆಸೆ ಇರುವ ಯುವಕ ಊರಲ್ಲೇ ಉಳಿಯುತ್ತಾನೆ, ಆ ಆಸೆ ತೀರಿದ ಹಿರಿಯ ಫ್ರಾನ್ಸಿಗೆ ಹೊರಡುತ್ತಾನೆ.

ಇದರ ಪರಿಣಾಮವಾಗಿ 2024–25ರ ನಾರ್ಥಾಂಪ್ಟನ್ ಒಂದು ವಿಚಿತ್ರ ಆಕಾರದ ತಂಡವಾಯಿತು. ಮೇಲ್ತುದಿಯಲ್ಲಿ ಇಂಗ್ಲೆಂಡಿನ ಅತಿ ಚುರುಕಾದ ಹುಡುಗರು: ಸ್ಕ್ರಮ್‌ನಿಂದ ಚೆಂಡು ತೆಗೆದು ಹಂಚುವ ಸ್ಕ್ರಮ್ ಹಾಫ್ ಅಲೆಕ್ಸ್ ಮಿಚೆಲ್, ಆಟಕ್ಕೆ ದಿಕ್ಕು ಕೊಡುವ ಫ್ಲೈ ಹಾಫ್ ಫಿನ್ ಸ್ಮಿತ್, ಯುರೋಪಿನ ಆರು ದೇಶಗಳ ವಾರ್ಷಿಕ ಪಂದ್ಯಾವಳಿಯಾದ ಸಿಕ್ಸ್ ನೇಷನ್ಸ್‌ನಲ್ಲಿ 2025ರ ಐದೂ ಪಂದ್ಯಗಳಲ್ಲಿ ಟ್ರೈ ಗಳಿಸಿದ ಟಾಮಿ ಫ್ರೀಮನ್, ಮಾರ್ಚ್‌ನಲ್ಲಿ ವೇಲ್ಸ್ ವಿರುದ್ಧ ಬದಲಿ ಆಟಗಾರನಾಗಿ ಪದಾರ್ಪಣೆ ಮಾಡಿ ಎರಡು ಟ್ರೈ ಬಾರಿಸಿದ 20 ವರ್ಷದ ಹೆನ್ರಿ ಪೊಲಾಕ್. ಅವರ ಕೆಳಗೆ ತೆಳುವಾದ ಪದರ. ಮೇಲಿನವರು ಮೈದಾನಕ್ಕಿಳಿದ ದಿನ ಈ ತಂಡ ಯಾರನ್ನಾದರೂ ಸೋಲಿಸಬಲ್ಲುದು. ಇಳಿಯದ ದಿನ ಯಾರ ಎದುರಾದರೂ ಸೋಲಬಲ್ಲುದು. 18 ಸುತ್ತಿನ ಲೀಗ್ ಎರಡನೆಯ ಬಗೆಯ ದಿನಗಳನ್ನು ಎಣಿಸುತ್ತದೆ.

ಡಬ್ಲಿನ್‌ನ ಆ ಸಂಜೆ

ಯುರೋಪಿನ ಪಯಣದಲ್ಲಿ ಅದೃಷ್ಟದ ಪಾಲು ಎಷ್ಟು ಎಂದು ಅಳೆಯಲು ಪಂದ್ಯಗಳನ್ನೇ ನೋಡಬೇಕು. ಡಿಸೆಂಬರ್‌ನಲ್ಲಿ ಸಮುದ್ರಮಟ್ಟದಿಂದ 1,300 ಮೀಟರಿಗೂ ಎತ್ತರದ ಪ್ರಿಟೋರಿಯಾಕ್ಕೆ ಹಾರಿ ಬುಲ್ಸ್ ತಂಡವನ್ನು ನಾರ್ಥಾಂಪ್ಟನ್ 30–21ರಿಂದ ಸೋಲಿಸಿತು. ಈ ಪ್ರಯಾಣಕ್ಕೆ ಹಲವು ಯುರೋಪಿಯನ್ ಕ್ಲಬ್‌ಗಳು ಎರಡನೇ ಸಾಲಿನ ಆಟಗಾರರನ್ನು ಕಳುಹಿಸಿ ಸೋಲನ್ನು ಮೊದಲೇ ಒಪ್ಪಿಕೊಳ್ಳುವುದುಂಟು ಎಂಬುದನ್ನು ನೆನೆದರೆ ಆ ಗೆಲುವಿನ ತೂಕ ತಿಳಿಯುತ್ತದೆ. ಪ್ಯಾರಿಸ್‌ನಲ್ಲಿ ಸ್ತಾದ್ ಫ್ರಾನ್ಸೆ ತಂಡಕ್ಕೆ ಸೋತರೂ ಮನ್‌ಸ್ಟರ್ ವಿರುದ್ಧ 34–32ರಿಂದ ಗೆದ್ದದ್ದರಿಂದ ಏಪ್ರಿಲ್‌ನ ಎರಡು ನಾಕೌಟ್ ಪಂದ್ಯಗಳು ಫ್ರಾಂಕ್ಲಿನ್ಸ್ ಗಾರ್ಡನ್ಸ್‌ನಲ್ಲೇ ನಡೆದವು. ಕ್ಲೆರ್ಮೋಂ ವಿರುದ್ಧ 46–24, ಕಾಸ್ತ್ರ್ ವಿರುದ್ಧ 51–16ರ ಗೆಲುವು. ಗುಂಪು ಹಂತದ ಒಂದೆರಡು ಬೋನಸ್ ಅಂಕಗಳು ತವರು ಮೈದಾನದ ಅನುಕೂಲವಾಗಿ ಬದಲಾಗುವ ಈ ಸರಪಳಿಯನ್ನು ಅದೃಷ್ಟ ಎನ್ನಲಾಗದು.

ಮೇ 3ರಂದು ಅವೀವಾ ಕ್ರೀಡಾಂಗಣದಲ್ಲಿ ನಡೆದ ಸೆಮಿಫೈನಲ್‌ಗೆ ಲೆನ್‌ಸ್ಟರ್ ಬಂದದ್ದು ಹಾರ್ಲೆಕ್ವಿನ್ಸ್ ವಿರುದ್ಧ 62–0 ಮತ್ತು ಗ್ಲಾಸ್ಗೊ ವಿರುದ್ಧ 52–0ರ ಗೆಲುವುಗಳ ನಂತರ. ಎರಡು ನಾಕೌಟ್ ಪಂದ್ಯಗಳಲ್ಲಿ ಒಂದೇ ಒಂದು ಅಂಕವನ್ನೂ ಬಿಟ್ಟುಕೊಟ್ಟಿರಲಿಲ್ಲ. ದಕ್ಷಿಣ ಆಫ್ರಿಕಾಕ್ಕೆ ಎರಡು ವಿಶ್ವಕಪ್ ಗೆಲ್ಲಿಸಿಕೊಟ್ಟ ತಂಡದ ಜೊತೆಗಿದ್ದ ಜಾಕ್ ನೀನಾಬರ್ ರೂಪಿಸಿದ ಅದರ ರಕ್ಷಣೆ, ಹೊರಗಿನಿಂದ ಒಳಕ್ಕೆ ರಭಸದಿಂದ ನುಗ್ಗಿ ಎದುರಾಳಿ ಚೆಂಡು ಹಿಡಿಯುವ ಮೊದಲೇ ಮೈಮೇಲೆ ಬೀಳುವ ಬಗೆಯದು. ಈ ರಕ್ಷಣೆಗೆ ಒಂದು ದೌರ್ಬಲ್ಯವಿದೆ: ನುಗ್ಗಿ ಬಂದವರ ಬೆನ್ನಹಿಂದೆ ಜಾಗ ಖಾಲಿ ಇರುತ್ತದೆ, ಮತ್ತು ಟ್ಯಾಕಲ್ ಆಗುತ್ತಲೇ, ಅಂದರೆ ಓಟಗಾರನನ್ನು ಹಿಡಿದು ಕೆಡವುತ್ತಲೇ, ಚೆಂಡು ಕ್ಷಣಾರ್ಧದಲ್ಲಿ ಹೊರಬಂದರೆ ಮತ್ತೆ ಸಾಲು ಕಟ್ಟಲು ಸಮಯ ಸಿಗುವುದಿಲ್ಲ. ವೇಗದ ಪಾಸ್, ಎದೆಗಾರಿಕೆಯ ಓಟ ಇವೆರಡನ್ನೇ ನೆಚ್ಚಿದ ನಾರ್ಥಾಂಪ್ಟನ್‌ಗೆ ಇದಕ್ಕಿಂತ ಒಗ್ಗುವ ಎದುರಾಳಿ ಸಿಗುವುದು ಕಷ್ಟವಿತ್ತು. ಫ್ರೀಮನ್ ಮೊದಲಾರ್ಧದಲ್ಲೇ ಮೂರು ಟ್ರೈ ಗಳಿಸಿದರು; ಪೊಲಾಕ್ ಅರ್ಧ ಮೈದಾನದ ದೂರದಿಂದ ಓಡಿ ಇನ್ನೊಂದು ಸೇರಿಸಿದರು; ಮಧ್ಯಂತರಕ್ಕೆ 27–15. ಕೊನೆಯ ಗಳಿಗೆಯಲ್ಲಿ ಲೆನ್‌ಸ್ಟರ್ ಗೆರೆಯ ಹತ್ತಿರ ಒತ್ತುತ್ತಿದ್ದಾಗ ನೆಲಕ್ಕೆ ಬಿದ್ದ ಚೆಂಡಿನ ಮೇಲೆ ಎರಗಿ ಪೆನಾಲ್ಟಿ ಗೆದ್ದುಕೊಟ್ಟದ್ದೂ ಇದೇ ಹುಡುಗ.

ಅದೇ ದಿನ ಲೆನ್‌ಸ್ಟರ್ ತನ್ನ ದುಬಾರಿ ಅತಿಥಿ, ನ್ಯೂಜಿಲೆಂಡ್‌ನ ಜೋರ್ಡಿ ಬ್ಯಾರೆಟ್ ಅವರನ್ನು ಬದಲಿ ಆಟಗಾರರ ಬೆಂಚಿನಲ್ಲಿ ಕೂರಿಸಿತ್ತು. ಸೋಲಿನ ನಂತರ ಎಲ್ಲರೂ ಬೆರಳು ತೋರಿಸಿದ್ದು ಅದರತ್ತ. 37 ಅಂಕ ಬಿಟ್ಟುಕೊಟ್ಟ ತಂಡದ ಸಮಸ್ಯೆ ಒಬ್ಬ ಆಕ್ರಮಣಕಾರ ಬೆಂಚಿನಲ್ಲಿದ್ದದ್ದು ಎಂದು ವಾದಿಸುವುದು ಕಷ್ಟ.

ಫೈನಲ್ ತೋರಿಸಿದ ಮಿತಿ

ಕಾರ್ಡಿಫ್‌ನಲ್ಲಿ ಮಧ್ಯಂತರಕ್ಕೆ ಅಂಕ 20–20. ಅಲೆಕ್ಸ್ ಕೋಲ್ಸ್ ನಾರ್ಥಾಂಪ್ಟನ್ ಪರವಾಗಿ ಎರಡು ಟ್ರೈ ಗಳಿಸಿದ್ದರು, ದಾಮಿಯಾಂ ಪೆನೊ ಬೋರ್ಡೊ ಪರವಾಗಿ ಎರಡು. ಎರಡನೇ ಅರ್ಧದಲ್ಲಿ ನಾರ್ಥಾಂಪ್ಟನ್ ಗಳಿಸಿದ್ದು ಸೊನ್ನೆ. 40 ನಿಮಿಷ ಸಮಬಲವಾಗಿ ನಿಂತ ತಂಡ ಮುಂದಿನ 40 ನಿಮಿಷಗಳಲ್ಲಿ ಒಂದು ಅಂಕವನ್ನೂ ಗಳಿಸದೆ ಹೋದದ್ದರ ಹಿಂದೆ ಲೀಗ್ ಪಟ್ಟಿ ಹೇಳುತ್ತಿದ್ದ ಕಥೆಯೇ ಇದೆ. ರಗ್ಬಿಯಲ್ಲಿ ಪ್ರತಿ ತಂಡಕ್ಕೂ ಎಂಟು ಬದಲಿ ಆಟಗಾರರು. ಸ್ಕ್ರಮ್‌ನ ಭಾರ ಹೊತ್ತವರು 50 ನಿಮಿಷಕ್ಕೆ ದಣಿದು ಹೊರಹೋಗುವಾಗ ಒಳಬರುವವರು ಎಂಥವರು ಎಂಬುದರ ಮೇಲೆ ಕೊನೆಯ ಅರ್ಧಗಂಟೆ ನಿಂತಿರುತ್ತದೆ. 107 ಲಕ್ಷ ಯೂರೊ ಮತ್ತು 64 ಲಕ್ಷ ಪೌಂಡ್‌ಗಳ ನಡುವಿನ ವ್ಯತ್ಯಾಸ ಮೊದಲ ಹದಿನೈದು ಜನರಲ್ಲಿ ಅಷ್ಟಾಗಿ ಕಾಣುವುದಿಲ್ಲ; ಹದಿನಾರರಿಂದ ಇಪ್ಪತ್ತಮೂರನೆಯ ಅಂಗಿಯವರೆಗೆ ಕಾಣುತ್ತದೆ.

ಇದು ನಾರ್ಥಾಂಪ್ಟನ್ ಒಂದರ ಕಥೆಯಲ್ಲ. 2020ರಲ್ಲಿ ಎಕ್ಸಿಟರ್ ಗೆದ್ದ ನಂತರ 2025ರವರೆಗೆ ಇಂಗ್ಲೆಂಡಿನ ಯಾವ ತಂಡವೂ ಚಾಂಪಿಯನ್ಸ್ ಕಪ್ ಗೆಲ್ಲಲಿಲ್ಲ. ಟುಲೂಸ್, ಲಾ ರೊಶೆಲ್ ಎರಡು ಬಾರಿ, ಮತ್ತೆ ಟುಲೂಸ್, 2025ರಲ್ಲಿ ಬೋರ್ಡೊ: ಐದು ವರ್ಷ ಕಪ್ ಫ್ರಾನ್ಸ್ ಬಿಟ್ಟು ಹೊರಡಲಿಲ್ಲ. ಈ ಐದು ವರ್ಷಗಳಲ್ಲಿ ಫೈನಲ್‌ವರೆಗೆ ಹೋದ ಮೊದಲ ಇಂಗ್ಲಿಷ್ ತಂಡವೇ ನಾರ್ಥಾಂಪ್ಟನ್.

ಬಾತ್ ಮತ್ತು ಲೆನ್‌ಸ್ಟರ್: ಕನ್ನಡಿಯ ಆಚೆ ಬದಿ

ಬಾತ್ ಇದಕ್ಕೆ ನೇರ ವಿರುದ್ಧವಾದ ಉದಾಹರಣೆ. ಅದೇ ಸಂಬಳ ಮಿತಿಯೊಳಗೆ ಅದು ಆಳವಾದ ಪಡೆಯನ್ನು ಕಟ್ಟಿಕೊಂಡಿತು. ಬೆಂಚಿನಿಂದ ಹೊಸ ಫಾರ್ವರ್ಡ್‌ಗಳನ್ನು ಒಟ್ಟಿಗೇ ಇಳಿಸಿ ಎದುರಾಳಿಯನ್ನು ಹಣ್ಣು ಮಾಡುವುದು ಅದರ ಪದ್ಧತಿಯಾಯಿತು. ಲೀಗ್ ಅದಕ್ಕೆ ಅಗ್ರಸ್ಥಾನದ ಬಹುಮಾನ ಕೊಟ್ಟಿತು. ಚಾಂಪಿಯನ್ಸ್ ಕಪ್ ಗುಂಪಿನಲ್ಲಿ ಐದನೆಯದಾಗಿ ಚಾಲೆಂಜ್ ಕಪ್‌ಗೆ ಇಳಿದ ಬಾತ್, ಮೇ 23ರಂದು, ಅಂದರೆ ನಾರ್ಥಾಂಪ್ಟನ್ ಫೈನಲ್‌ನ ಹಿಂದಿನ ದಿನ, ಅದೇ ಕಾರ್ಡಿಫ್ ಮೈದಾನದಲ್ಲಿ ಲಿಯೋಂ ತಂಡವನ್ನು 37–12ರಿಂದ ಸೋಲಿಸಿ ಆ ಕಪ್ಪನ್ನೂ ಎತ್ತಿತು. ಮೊದಲ ದರ್ಜೆಯಿಂದ ಜಾರಿದ್ದೇ ಎರಡನೇ ದರ್ಜೆಯ ಕಪ್‌ಗೆ ದಾರಿಯಾಯಿತು. ನಾಲ್ಕು ಪಂದ್ಯಗಳ ಗುಂಪು ಹಂತದಲ್ಲಿ ಎರಡು ಸಲ ಕಾಲು ಜಾರಿದರೆ ಮತ್ತೆ ಏಳಲು ಸಮಯವಿರುವುದಿಲ್ಲ. 18 ಸುತ್ತುಗಳಲ್ಲಿ ಇರುತ್ತದೆ.

ಲೆನ್‌ಸ್ಟರ್‌ನ ಪ್ರಕರಣ ಇನ್ನೂ ಸೂಕ್ಷ್ಮ. ಐರ್ಲೆಂಡಿನಲ್ಲಿ ಖಾಸಗಿ ಮಾಲೀಕರ ಕ್ಲಬ್‌ಗಳಿಲ್ಲ. ನಾಲ್ಕು ಪ್ರಾಂತೀಯ ತಂಡಗಳಿವೆ, ಅವುಗಳ ಯಜಮಾನಿಕೆ ರಾಷ್ಟ್ರೀಯ ರಗ್ಬಿ ಸಂಘದ್ದು. ಮುಂಚೂಣಿಯ ಆಟಗಾರರೊಂದಿಗೆ ಸಂಘವೇ ನೇರ ಒಪ್ಪಂದ ಮಾಡಿಕೊಳ್ಳುತ್ತದೆ, ಯಾರು ಯಾವ ವಾರ ಆಡಬೇಕು ಎಂಬುದರಲ್ಲೂ ಸಂಘದ ಮಾತು ನಡೆಯುತ್ತದೆ. ಡಬ್ಲಿನ್‌ನ ಶುಲ್ಕ ಪಡೆಯುವ ಖಾಸಗಿ ಶಾಲೆಗಳಿಂದ ಪ್ರತಿ ವರ್ಷ ಹೊಸ ಹುಡುಗರು ಬರುತ್ತಲೇ ಇರುವುದರಿಂದ ಎರಡನೇ ಸಾಲು ಕೂಡ ಬೇರೆ ತಂಡಗಳ ಮೊದಲ ಸಾಲಿಗೆ ಸಮ. ಫಲಿತಾಂಶ: ಯುನೈಟೆಡ್ ರಗ್ಬಿ ಚಾಂಪಿಯನ್‌ಶಿಪ್‌ನ 18 ಲೀಗ್ ಪಂದ್ಯಗಳಲ್ಲಿ 16 ಗೆಲುವು. ಸೋತ ಎರಡರಲ್ಲಿ ಒಂದು ಪ್ರಿಟೋರಿಯಾದಲ್ಲಿ ಒಂದೇ ಅಂಕದಿಂದ. ಇನ್ನೊಂದು ವೇಲ್ಸ್‌ನ ಸ್ಕಾರ್ಲೆಟ್ಸ್ ವಿರುದ್ಧ, ನಾರ್ಥಾಂಪ್ಟನ್ ಪಂದ್ಯಕ್ಕಾಗಿ ಮುಖ್ಯ ಆಟಗಾರರಿಗೆ ವಿಶ್ರಾಂತಿ ಕೊಟ್ಟ ವಾರ. ಜೂನ್ 14ರಂದು ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ ಬುಲ್ಸ್ ತಂಡವನ್ನು 32–7ರಿಂದ ಸೋಲಿಸಿ ಲೀಗ್ ಪ್ರಶಸ್ತಿಯನ್ನೂ ಗೆದ್ದಿತು.

ಆದರೂ ಡಬ್ಲಿನ್‌ನಲ್ಲಿ ಈ ಋತುವನ್ನು ಪೂರ್ಣ ಯಶಸ್ಸು ಎಂದು ಒಪ್ಪಲು ಹಿಂಜರಿಕೆಯಿದೆ. 2022, 2023, 2024ರಲ್ಲಿ ಸತತ ಮೂರು ಯುರೋಪಿಯನ್ ಫೈನಲ್‌ಗಳನ್ನು ಸೋತ ತಂಡಕ್ಕೆ ಐದನೆಯ ನಕ್ಷತ್ರ, ಅಂದರೆ ಐದನೇ ಯುರೋಪಿಯನ್ ಕಪ್, ಒಂದು ಗೀಳಾಗಿಬಿಟ್ಟಿದೆ. 2023ರಲ್ಲಿ ಸೋತದ್ದು ತವರಿನಲ್ಲಿ, ಒಂದೇ ಅಂಕದಿಂದ. ಆಳವಾದ ಪಡೆ ಲೀಗ್ ಗೆಲ್ಲಿಸುತ್ತದೆ ಎಂಬುದಕ್ಕೂ, ಒಂದು ಸಂಜೆಯ ನಾಕೌಟ್‌ನಲ್ಲಿ ಆ ಆಳಕ್ಕೆ ಅರ್ಧ ಬೆಲೆಯೂ ಇಲ್ಲ ಎಂಬುದಕ್ಕೂ ಲೆನ್‌ಸ್ಟರ್‌ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ವಾದಗಳು, ಮತ್ತು ಒಂದು ತಪ್ಪು ತಿಳಿವಳಿಕೆ

ನಾರ್ಥಾಂಪ್ಟನ್ ಫಲಿತಾಂಶವನ್ನು ಹಿಡಿದು ಎರಡು ಪಂಗಡಗಳು ವಾದಿಸುತ್ತಿವೆ. ಇಂಗ್ಲೆಂಡಿನ ಹತ್ತರಲ್ಲಿ ಎಂಟು ತಂಡಗಳಿಗೆ ಯುರೋಪಿನ ಮೊದಲ ದರ್ಜೆಗೆ ಪ್ರವೇಶ ಕೊಡುವುದು ನಗೆಪಾಟಲು ಎಂದು ಒಂದು ಪಂಗಡ ಹೇಳುತ್ತದೆ. ಫ್ರಾನ್ಸಿನಲ್ಲಿ ಹದಿನಾಲ್ಕರಲ್ಲಿ ಎಂಟು, ಮೂರನೆಯ ಲೀಗ್‌ನಲ್ಲಿ ಹದಿನಾರರಲ್ಲಿ ಎಂಟು. ಇಂಗ್ಲೆಂಡಿನಲ್ಲಿ ಮಾತ್ರ ಪ್ರವೇಶ ತಪ್ಪಿಸಿಕೊಳ್ಳುವುದೇ ಕಷ್ಟ. ಈ ಪ್ರಮಾಣ ಯಾರೂ ಯೋಜಿಸಿ ಮಾಡಿದ್ದಲ್ಲ. 2022ರ ಶರತ್ಕಾಲದಲ್ಲಿ ವುಸ್ಟರ್ ಮತ್ತು ವಾಸ್ಪ್ಸ್, 2023ರ ಬೇಸಿಗೆಯಲ್ಲಿ ಲಂಡನ್ ಐರಿಶ್ ಸಾಲದಲ್ಲಿ ಮುಳುಗಿ ಲೀಗ್‌ನಿಂದ ಹೊರಬಿದ್ದಾಗ 13 ತಂಡಗಳಿದ್ದದ್ದು 10 ಆಯಿತು, ಯುರೋಪಿನ ಪಾಲು ಮಾತ್ರ ಎಂಟರಲ್ಲೇ ಉಳಿಯಿತು. ಆ ಕುಸಿತದಿಂದ ನಾರ್ಥಾಂಪ್ಟನ್‌ಗೆ ಲಾಭವೂ ಆಯಿತು: ಫಿನ್ ಸ್ಮಿತ್ ಅಲ್ಲಿಗೆ ಬಂದದ್ದು ಮುಚ್ಚಿಹೋದ ವುಸ್ಟರ್‌ನಿಂದ.

ಎಂಟನೆಯ ತಂಡವೇ ಫೈನಲ್ ಮುಟ್ಟಿದ ಮೇಲೆ ಎಂಟು ಸ್ಥಾನ ಹೆಚ್ಚಾಯಿತು ಎನ್ನುವುದು ಹೇಗೆ ಎಂದು ಎದುರು ಪಂಗಡ ಕೇಳುತ್ತದೆ. ಈ ವಾದ ಕೇಳಲು ಸೊಗಸು, ಆದರೆ ಕಾಲದ ಲೆಕ್ಕ ತಪ್ಪಿದೆ. 2024–25ರ ಯುರೋಪಿಯನ್ ಪಂದ್ಯಾವಳಿಗೆ ನಾರ್ಥಾಂಪ್ಟನ್ ಬಂದದ್ದು 2023–24ರ ಲೀಗ್ ಚಾಂಪಿಯನ್ ಆಗಿ. ಈ ಬಾರಿಯ ಎಂಟನೆಯ ಸ್ಥಾನ ಅದಕ್ಕೆ ಕೊಟ್ಟಿರುವುದು 2025–26ರ ಟಿಕೆಟನ್ನು. ಒಂದು ವರ್ಷದ ಲೀಗ್ ಫಲ ಮುಂದಿನ ವರ್ಷದ ಯುರೋಪಿಗೆ ಬೀಜವಾಗುತ್ತದೆ. ನಡುವೆ ಆಟಗಾರರು ಬಂದುಹೋಗಿರುತ್ತಾರೆ. ಒಂದೇ ಋತುವಿನ ಎರಡು ಪಟ್ಟಿಗಳನ್ನು ಕಾರಣ ಮತ್ತು ಪರಿಣಾಮವೆಂಬಂತೆ ಅಕ್ಕಪಕ್ಕ ಇಡುವುದೇ ತಪ್ಪು. ಹತ್ತರಲ್ಲಿ ಎಂಟು ಎಂಬುದನ್ನು ಸಮರ್ಥಿಸಲು ಬೇರೆ ಕಾರಣ ಹುಡುಕಬೇಕು, ಮತ್ತು ಹಣದ ಹಂಚಿಕೆಯನ್ನು ಬಿಟ್ಟರೆ ಗಟ್ಟಿಯಾದ ಇನ್ನೊಂದು ಕಾರಣ ಕಾಣುವುದಿಲ್ಲ.

ಇವೆರಡಕ್ಕೂ ಸೇರದ ಮೂರನೆಯ ಆಕ್ಷೇಪವೊಂದಿದೆ, ಅದು ಹೆಚ್ಚು ಗಂಭೀರವಾದದ್ದು. ಪ್ರೀಮಿಯರ್‌ಶಿಪ್‌ನಿಂದ ಕೆಳ ಹಂತಕ್ಕೆ ಇಳಿಯುವ ಭಯ 2025ರಲ್ಲಿ ಕಾಗದದ ಮೇಲಷ್ಟೇ ಇತ್ತು. ಕೆಳ ಹಂತವನ್ನು ಗೆದ್ದ ಈಲಿಂಗ್ ಟ್ರೇಲ್‌ಫೈಂಡರ್ಸ್ ಪ್ರವೇಶದ ಮಾನದಂಡಗಳನ್ನು ಪೂರೈಸಿಲ್ಲವೆಂದು ತೀರ್ಮಾನವಾದ್ದರಿಂದ, ಹತ್ತನೆಯದಾಗಿ ಮುಗಿಸಿದ ನ್ಯೂಕ್ಯಾಸಲ್ ಕೂಡ ಅಲ್ಲೇ ಉಳಿಯಿತು. ಟಾಪ್ 14ರಲ್ಲಿ 26 ಸುತ್ತುಗಳ ಕೊನೆಗೆ ಕೆಳಗಿಳಿಯುವ ಕತ್ತಿ ನಿಜವಾಗಿಯೂ ತೂಗುತ್ತಿರುತ್ತದೆ. ಹಾಗಾಗಿ ಪಟ್ಟಿಯ ತಳದಲ್ಲಿರುವ ಫ್ರೆಂಚ್ ಕ್ಲಬ್‌ಗಳು ಲೀಗ್ ಉಳಿಸಿಕೊಳ್ಳಲು ಯುರೋಪಿಯನ್ ಪಂದ್ಯಗಳನ್ನು ಬಲಿಕೊಡುತ್ತವೆ. ಇಂಗ್ಲೆಂಡಿನಲ್ಲಿ ಲೆಕ್ಕ ತಲೆಕೆಳಗು. ಮೊದಲ ನಾಲ್ಕರ ಆಸೆ ಕೈಬಿಟ್ಟ ತಂಡಕ್ಕೆ ಲೀಗ್‌ನಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ, ಎಂಟರೊಳಗೆ ಇದ್ದರೆ ಸಾಕು. ಅಂಥ ತಂಡ ತನ್ನ ಬಲವನ್ನೆಲ್ಲ ಯುರೋಪಿಗೆ ಕಾಯ್ದಿರಿಸಿದರೆ ಅದನ್ನು ದೂರಲಾಗದು. ನಿಯಮಗಳೇ ಹಾಗೆ ಮಾಡು ಎನ್ನುತ್ತಿರುವಾಗ ನಾರ್ಥಾಂಪ್ಟನ್ ಜಾಣತನದಿಂದ ನಡೆದುಕೊಂಡಿತು ಎಂದಷ್ಟೇ ಹೇಳಬಹುದು. ಆದರೆ ಟಿಕೆಟ್ ಕೊಂಡು ಏಪ್ರಿಲ್, ಮೇ ತಿಂಗಳ ಲೀಗ್ ಪಂದ್ಯಕ್ಕೆ ಬಂದ ಪ್ರೇಕ್ಷಕನಿಗೆ ಅರೆಮನಸ್ಸಿನ ಆಟ ಸಿಗುವ ಅಪಾಯವನ್ನು ಲೀಗ್ ತಾನೇ ತಂದುಕೊಂಡಿದೆ.

ಋತುವಿನ ಕೊನೆಗೆ ಕಂಡ ಮುನ್ನೋಟ

ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡ್, ಐರ್ಲೆಂಡ್‌ಗಳ ಆಟಗಾರರನ್ನು ಸೇರಿಸಿ ನಾಲ್ಕು ವರ್ಷಕ್ಕೊಮ್ಮೆ ಪ್ರವಾಸಕ್ಕೆ ಕಟ್ಟುವ ಬ್ರಿಟಿಷ್ ಮತ್ತು ಐರಿಶ್ ಲಯನ್ಸ್ ತಂಡ 2025ರ ಮೇ 8ರಂದು ಪ್ರಕಟವಾದಾಗ ಅದರಲ್ಲಿ ನಾರ್ಥಾಂಪ್ಟನ್‌ನ ನಾಲ್ವರಿದ್ದರು: ಮಿಚೆಲ್, ಫಿನ್ ಸ್ಮಿತ್, ಫ್ರೀಮನ್, ಪೊಲಾಕ್. ಲೆನ್‌ಸ್ಟರ್‌ನಿಂದ ಹನ್ನೆರಡು ಮಂದಿ. ಎಂಟನೆಯ ಸ್ಥಾನದ ತಂಡದಿಂದ ನಾಲ್ವರು ಎಂಬುದು ಮೇಲೆ ಹೇಳಿದ ತಂಡದ ಆಕಾರವನ್ನೇ ಮತ್ತೆ ತೋರಿಸುತ್ತದೆ. ಈ ನಾಲ್ವರ ಬೆಲೆ ಏರುತ್ತದೆ, ಸಂಬಳ ಮಿತಿ ಏರುವುದಿಲ್ಲ. ಹಾಗಾಗಿ ತೆಳುವಾಗಿರುವ ಕೆಳಗಿನ ಪದರ ಇನ್ನಷ್ಟು ತೆಳುವಾಗುವ ಸಾಧ್ಯತೆಯೇ ಹೆಚ್ಚು. ಇಂಗ್ಲೆಂಡಿನ ಲೀಗ್ ಬಡ್ತಿ–ಹಿಂಬಡ್ತಿಯನ್ನು ಸಂಪೂರ್ಣ ಕೈಬಿಟ್ಟು ಫ್ರಾಂಚೈಸಿ ಮಾದರಿಗೆ ಹೊರಳಬೇಕೆಂಬ ಮಾತುಕತೆಯೂ ಆಗ ನಡೆದಿತ್ತು. ಹಾಗೇನಾದರೂ ಆದರೆ, ಈ ಬಾರಿ ಒಂದು ತಂಡ ಪರಿಸ್ಥಿತಿಯ ಒತ್ತಡದಲ್ಲಿ ಮಾಡಿದ್ದನ್ನು ಉಳಿದವು ಯೋಜಿಸಿಯೇ ಮಾಡಬಹುದು.

ಲಯನ್ಸ್ ಸರಣಿಯ ಮೂರನೇ ಟೆಸ್ಟ್ 2025ರ ಆಗಸ್ಟ್ 2ರಂದು ಸಿಡ್ನಿಯಲ್ಲಿತ್ತು. ಪ್ರವಾಸ ಮುಗಿಸಿದವರಿಗೆ ಕಡ್ಡಾಯ ವಿಶ್ರಾಂತಿ ಇರುವುದರಿಂದ ಸೆಪ್ಟೆಂಬರ್ ಕೊನೆಯಲ್ಲಿ ಹೊಸ ಲೀಗ್ ಶುರುವಾಗುವಾಗ ಆ ನಾಲ್ವರು ಮೊದಲ ಸುತ್ತುಗಳಿಗೆ ಸಿಗುವುದು ಅನುಮಾನವಾಗಿತ್ತು. ಆ ಸುತ್ತುಗಳ ನಾಲ್ಕು ಅಂಕಕ್ಕೂ ಮೇ ತಿಂಗಳ ನಾಲ್ಕು ಅಂಕಕ್ಕೂ ಪಟ್ಟಿಯಲ್ಲಿ ಒಂದೇ ಬೆಲೆ. ಯುರೋಪಿನ ಗುಂಪು ಹಂತ ಶುರುವಾಗುವುದು ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ನಾಲ್ವರೂ ಮೈದಾನಕ್ಕೆ ಮರಳಿರುತ್ತಾರೆ ಎಂಬುದು ಆಗಿನ ನಿರೀಕ್ಷೆ.